ಕಂಪ್ಯೂಟರ್ ಇಲ್ಲಿ, ಪರದೆ ಅಲ್ಲಿ

ಹಿಂದಿನ ಸಂಚಿಕೆಯಲ್ಲಿ ಶಾಲಾ ಸಭಾಂಗಣಕ್ಕೆ ಪ್ರೊಜೆಕ್ಟರ್ ಆರಿಸುವ ಬಗ್ಗೆ ಬರೆದಿದ್ದೆ. ಬಂದ ಕಾಗದಗಳನ್ನು ಬಿಚ್ಚಿ ನೋಡಿದರೆ ಪ್ರೊಜೆಕ್ಟರಿನ ಬಗ್ಗೆ ಕೇಳಿದವರು ಕಡಿಮೆ, ಅದಕ್ಕೆ ಹೋಗುವ ಕೇಬಲಿನ ಬಗ್ಗೆ ಗೋಳು ತೋಡಿಕೊಂಡವರೇ ಜಾಸ್ತಿ. ಹಾಗಾಗಿ ಈ ಸಲ ಇಡೀ ಪುಟ ಕೇಬಲಿಗೇ. ವಿಜಿಎ ಅಂದರೆ ಕಂಪ್ಯೂಟರಿನಿಂದ ಪರದೆಗೆ ಚಿತ್ರ ಒಯ್ಯುವ ಹಳೆಯ ಬಗೆಯ ಕೇಬಲ್, ಎಚ್‌ಡಿಎಂಐ ಹೊಸ ಬಗೆಯದು. ಒಬ್ಬರು ನನ್ನದೇ ತಪ್ಪು ಹಿಡಿದಿದ್ದಾರೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ವೇದಿಕೆ ಪಕ್ಕದ ಮೇಜಿನಿಂದ ಪ್ರೊಜೆಕ್ಟರಿನವರೆಗೆ ಗೋಡೆಯ ಪೈಪಿನೊಳಗೆ 30 ಮೀಟರ್ ವಿಜಿಎ ಕೇಬಲ್ ಇದೆ. ವರ್ಷಗಟ್ಟಲೆ ಅದರಲ್ಲೇ ಕೆಲಸ ನಡೆಯಿತು, ಆದರೆ ಅಕ್ಷರಗಳ ಬಲಗಡೆ ಮಬ್ಬು ನೆರಳು ಬೀಳುತ್ತಿತ್ತು. ಹೋದ ತಿಂಗಳು ಜೊತೆಗೇ 30 ಮೀಟರಿನ ಎಚ್‌ಡಿಎಂಐ ಕೇಬಲ್ ಎಳೆಸಿದೆವು. ಹಳೆ ಲ್ಯಾಪ್‌ಟಾಪಿನಿಂದ ಚಿತ್ರ ಚೆನ್ನಾಗಿ ಬರುತ್ತದೆ. ದಾನಿಗಳು ಕೊಟ್ಟ ಹೊಸ ಲ್ಯಾಪ್‌ಟಾಪ್ ಸಿಕ್ಕಿಸಿದರೆ 'ನೋ ಸಿಗ್ನಲ್' ಅನ್ನುತ್ತದೆ. ಕೆಟ್ಟಿರುವುದು ಲ್ಯಾಪ್‌ಟಾಪೋ, ಕೇಬಲೋ?
- ವಿಜ್ಞಾನ ಶಿಕ್ಷಕರು, ತೀರ್ಥಹಳ್ಳಿ

ಎರಡೂ ಕೆಟ್ಟಿಲ್ಲ ಮೇಷ್ಟ್ರೇ. ಹೊಸ ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆಯಿರಿ. ಪರದೆ ಕಪ್ಪಾಗಿದ್ದರೂ ಅಲ್ಲಿ ಪ್ರೊಜೆಕ್ಟರಿನ ಹೆಸರು ಕಾಣಿಸುತ್ತಿರಬೇಕು. ಅದಕ್ಕೆ ಹೋಗುವ ಚಿತ್ರದ ಅಳತೆಯನ್ನು (ಅಡ್ಡಕ್ಕೆ ಎಷ್ಟು ಚುಕ್ಕೆ, ಎತ್ತರಕ್ಕೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) 1920×1080ರಿಂದ 1280×720ಕ್ಕೆ ಇಳಿಸಿ. ನನ್ನ ಅಂದಾಜು ಸರಿಯಿದ್ದರೆ ಚಿತ್ರ ಬರುತ್ತದೆ. ಬಂದರೆ ಉಳಿದದ್ದನ್ನು ಸಮಾಧಾನವಾಗಿ ಓದಿ.

ನಮ್ಮದು ಸಾಗರದಲ್ಲಿ ಮೈಕ್‌ಸೆಟ್ ಅಂಗಡಿ. ಜಾತ್ರೆಗೆ ಅಪ್ಪ ಹಾರ್ನ್ ಕಟ್ಟುವಾಗ ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ ಸಾಧಾರಣ ಜೋಡಿತಂತಿ ಎಳೆಯುತ್ತಿದ್ದರು. ಮರಕ್ಕೊಂದು ಸುತ್ತು, ಕಂಬಕ್ಕೊಂದು ಗಂಟು, ನಡುವೆ ಹತ್ತಾರು ಜಾಯಿಂಟು. ಆಂಪ್ಲಿಫೈಯರಿನ 100 ವೋಲ್ಟ್ ಲೈನಿಗೆ ಸಿಕ್ಕಿಸಿದರೆ ಕೊನೆಯ ಹಾರ್ನಿನಲ್ಲೂ ಪ್ರಾರ್ಥನೆ ಕೇಳಿಸುತ್ತಿತ್ತು. ಡಿಪ್ಲೊಮಾ ಮುಗಿಸಿ ಬಂದ ನಾನು ಮೊದಲ ಪ್ರೊಜೆಕ್ಟರನ್ನೂ ಅದೇ ಧೈರ್ಯದಲ್ಲಿ ಕಟ್ಟಲು ಹೋಗಿ ನಾಚಿಕೆಪಟ್ಟವಳು. ನಮಗೆ ಕೇಳಿಸುವ ಧ್ವನಿ ಸೆಕೆಂಡಿಗೆ ಹೆಚ್ಚೆಂದರೆ 20 ಸಾವಿರ ಸಲ ಕಂಪಿಸುತ್ತದೆ. 1024×768ರ ಚಿತ್ರ ಸೆಕೆಂಡಿಗೆ 60 ಸಲ ಹೋಗಬೇಕಾದರೆ, ಗೆರೆಗಳ ನಡುವಿನ ಖಾಲಿ ಹೊತ್ತೂ ಸೇರಿ, ಆರೂವರೆ ಕೋಟಿ ಚುಕ್ಕೆಗಳ ವೇಗ ಬೇಕು. ಆ ವೇಗದಲ್ಲಿ ತಂತಿಯ ಸ್ವಭಾವವೇ ಬೇರೆ.

1987ರಲ್ಲಿ ಐಬಿಎಂ ತಂದ ವಿಜಿಎ ಕೇಬಲಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಎಳೆ. ಕಪ್ಪಿಗೆ ಸೊನ್ನೆ, ಪೂರ್ಣ ಬೆಳಕಿಗೆ 0.7 ವೋಲ್ಟ್, ನಡುವೆ ಎಲ್ಲಾ ಮಟ್ಟಗಳು. ದಾರಿಯಲ್ಲಿ ಜಾಯಿಂಟು ಸಡಿಲವಿದ್ದರೆ, ಅಥವಾ ತುದಿಯಲ್ಲಿ ಕೇಬಲಿಗೆ ತಕ್ಕ 75 ಓಮ್ ತಡೆ ಸರಿಹೊಂದದಿದ್ದರೆ, ಸಂಕೇತದ ಒಂದು ಪಾಲು ಬಾವಿಯೊಳಗಿನ ಕೂಗಿನ ಹಾಗೆ ಹಿಂದಕ್ಕೆ ಹೋಗಿ, ಲ್ಯಾಪ್‌ಟಾಪಿನ ತುದಿಗೆ ಬಡಿದು, ಮತ್ತೆ ಪ್ರೊಜೆಕ್ಟರಿಗೆ ಬರುತ್ತದೆ. ಅದೇ ನಿಮ್ಮ ನೆರಳು.

ಈ ನೆರಳನ್ನು ಮಕ್ಕಳಿಂದ ಅಳೆಸಬಹುದು! ಕೇಬಲಿನಲ್ಲಿ ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡ್ (ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡ್) ಹಿಡಿಯುತ್ತದೆ. ಪ್ರತಿಧ್ವನಿ ಹಿಂದೆ 30, ಮುಂದೆ 30, ಒಟ್ಟು 60 ಮೀಟರ್ ಹೆಚ್ಚಿಗೆ ಓಡಿ ಬರುವುದರಿಂದ 300 ನ್ಯಾನೊಸೆಕೆಂಡ್ ತಡ. 1024×768ರಲ್ಲಿ ಒಂದು ಚುಕ್ಕೆಯ ಪಾಲಿಗೆ ಬರುವ ಹೊತ್ತು 15.4 ನ್ಯಾನೊಸೆಕೆಂಡ್. ಅಂದರೆ ನೆರಳು 19-20 ಚುಕ್ಕೆ ಬಲಕ್ಕೆ. ಪರದೆ 8 ಅಡಿ ಅಗಲವಿದ್ದರೆ ಸ್ಕೇಲಿನಲ್ಲಿ ಎರಡು ಇಂಚಿಗೆ ಸ್ವಲ್ಪ ಕಡಿಮೆ ಬರಬೇಕು. ಅದರ ಅರ್ಧ ದೂರದಲ್ಲೂ ಇನ್ನೊಂದು ನೆರಳು ಕಂಡರೆ ಗೋಡೆಯೊಳಗೆ 15 ಮೀಟರ್ ಹತ್ತಿರ ಯಾರೋ ಎರಡು ಕೇಬಲ್ ಸೇರಿಸಿ, ಬಿಲ್ಲು ಮಾತ್ರ ಒಂದೇ ಉದ್ದದ ಕೇಬಲಿಗೆ ಮಾಡಿದ್ದಾರೆ ಅಂತ ಅರ್ಥ. ಹೀಗೊಂದು ಕಳ್ಳ ಜಾಯಿಂಟನ್ನು ನಾನು ಏಣಿ ಹತ್ತದೆ, ಟೇಪು ಹಿಡಿದೇ ಪತ್ತೆ ಮಾಡಿದ್ದೇನೆ.

ಇನ್ನು ಎಚ್‌ಡಿಎಂಐ. 2002ರಲ್ಲಿ ಬಂದ ಇದರಲ್ಲಿ ಮಟ್ಟಗಳಿಲ್ಲ, ಇರುವುದು ಬಿಟ್ ಎನ್ನುವ ಒಂದು ಮತ್ತು ಸೊನ್ನೆ ಮಾತ್ರ. ಬಣ್ಣದ ಮೂರು ಜೋಡಿ ಎಳೆಗಳಲ್ಲಿ, 1920×1080 ಚಿತ್ರ 60 ಹರ್ಟ್ಸ್‌ನಲ್ಲಿ ಹೋಗುವಾಗ, ಪ್ರತಿ ಜೋಡಿಯಲ್ಲೂ ಸೆಕೆಂಡಿಗೆ 148 ಕೋಟಿ 50 ಲಕ್ಷ ಬಿಟ್. ಯಾವ ಕ್ಷಣದಲ್ಲಿ ನೋಡಿದರೂ ನಿಮ್ಮ 30 ಮೀಟರಿನೊಳಗೆ 220ರಷ್ಟು ಬಿಟ್‌ಗಳು ಇರುವೆ ಸಾಲಿನಂತೆ ನಡೆದಿರುತ್ತವೆ, ಒಂದೊಂದರ ಉದ್ದ ಒಂದು ಗೇಣಿಗಿಂತ ಕಡಿಮೆ. ಇಂಥ ವೇಗದಲ್ಲಿ ವಿದ್ಯುತ್ತು ತಾಮ್ರದ ಒಳಕ್ಕೆ ಇಳಿಯುವುದೇ ಇಲ್ಲ. ಮನೆಯ 50 ಹರ್ಟ್ಸ್ ಕರೆಂಟು 9 ಮಿಲಿಮೀಟರ್ ಆಳಕ್ಕೆ ಇಳಿದರೆ, 100 ಕೋಟಿ ಹರ್ಟ್ಸಿನದು ಬರೀ ಚರ್ಮದ ಮೇಲೆ, ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಪಾಲಿನಷ್ಟರಲ್ಲೇ ಹರಿಯುತ್ತದೆ. ದಾರಿ ಕಿರಿದಾದಷ್ಟೂ ನಷ್ಟ ಹೆಚ್ಚು. ಮೇಲುಹೊದಿಕೆಯ ಪ್ಲಾಸ್ಟಿಕ್ಕೂ ತನ್ನ ಪಾಲು ತಿನ್ನುತ್ತದೆ. ಆ ತುದಿಗೆ ಬರುವಷ್ಟರಲ್ಲಿ ಒಂದಕ್ಕೂ ಸೊನ್ನೆಗೂ ವ್ಯತ್ಯಾಸ ಅಳಿಸಿಹೋಗಿರುತ್ತದೆ.

ದೂರ ಹೆಚ್ಚಿದಂತೆ ವಿಜಿಎ ಮುದುಕರ ಕಣ್ಣಿನ ಹಾಗೆ ಮೆಲ್ಲಗೆ ಮಂಕಾಗುತ್ತಿತ್ತು. ಎಚ್‌ಡಿಎಂಐಗೆ ಆ ಸೌಜನ್ಯ ಇಲ್ಲ. ಒಂದಷ್ಟು ದೂರದವರೆಗೆ ಚೊಕ್ಕ, ಆಮೇಲೆ ಅಲ್ಲಲ್ಲಿ ಮಿಣುಕು ಚುಕ್ಕೆ, ಇನ್ನೆರಡು ಮೀಟರ್ ಹೋದರೆ ಪೂರ್ತಿ ಕತ್ತಲೆ. ನಿಮ್ಮ ಕೇಬಲ್ ಆ ಅಂಚಿನಲ್ಲಿ ಕೂತಿದೆ. ಹಳೆ ಲ್ಯಾಪ್‌ಟಾಪ್ 1024×768 ಕಳಿಸುತ್ತಿರಬೇಕು. ಅದಕ್ಕೆ ಜೋಡಿಗೆ 65 ಕೋಟಿ ಬಿಟ್ ಸಾಕು. ಹೊಸದು ಅದರ ದುಪ್ಪಟ್ಟಿಗಿಂತ ಹೆಚ್ಚು ತುರುಕುತ್ತಿದೆ. 1280×720ಕ್ಕೆ ಇಳಿಸಿದರೆ 74 ಕೋಟಿಯ ಹತ್ತಿರ ಬರುತ್ತದೆ, ಕೇಬಲ್ ತಡೆದುಕೊಳ್ಳುತ್ತದೆ. ಕಪ್ಪು ಪರದೆಯಲ್ಲೂ ಪ್ರೊಜೆಕ್ಟರಿನ ಹೆಸರು ಯಾಕೆ ಕಾಣುತ್ತದೆ ಅಂದರೆ, 'ನಾನು ಯಾರು, ನನಗೆ ಯಾವ ಯಾವ ಅಳತೆ ಹಿಡಿಸುತ್ತದೆ' ಅಂತ ಪ್ರೊಜೆಕ್ಟರ್ ಹೇಳಿಕೊಳ್ಳುವ ಪರಿಚಯ ಪತ್ರ ಬರುವುದು ಅದೇ ಕೇಬಲಿನ ನಿಧಾನದ ಎಳೆಗಳಲ್ಲಿ. ಅವು ದೂರಕ್ಕೆ ಅಷ್ಟು ಬೇಗ ಸೋಲುವುದಿಲ್ಲ.

ಹೊಸ ಕೇಬಲಿಗೆ ಮತ್ತೆ ದುಡ್ಡು ಹಾಕಬೇಕೇ? ಮೊದಲು ಪ್ರೊಜೆಕ್ಟರಿನ ಕೈಪಿಡಿ ತೆಗೆದು 'ನೇಟಿವ್ ರೆಸಲ್ಯೂಷನ್' ಎಷ್ಟು ಅಂತ ನೋಡಿ. ಶಾಲೆಗಳಿಗೆ ಕೊಂಡವು ಸಾಮಾನ್ಯವಾಗಿ 1024×768 ಅಥವಾ 1280×800. ಅದಕ್ಕೆ 1080 ಕಳಿಸಿದರೂ ಕುಗ್ಗಿಸಿಯೇ ತೋರಿಸುವುದು. ನಿಮ್ಮದೂ ಹಾಗಿದ್ದರೆ ಒಂದು ಪೈಸೆ ಖರ್ಚು ಮಾಡಬೇಡಿ. ಸೆಟ್ಟಿಂಗಿನ ಚೀಟಿ ಬರೆದು ಮೇಜಿಗೆ ಅಂಟಿಸಿ. ಮುಂದೆ ಯಾವತ್ತಾದರೂ ಪೈಪಿನಲ್ಲಿ ಏನನ್ನಾದರೂ ಎಳೆಸಿದರೆ ಅದರ ಜೊತೆಗೇ ಒಂದು ನೈಲಾನ್ ದಾರ ಬಿಟ್ಟಿರಿ. ಮುಂದಿನ ಕೇಬಲ್ ಎಳೆಯುವವರು ನಿಮ್ಮನ್ನು ನೆನೆಯುತ್ತಾರೆ.

ಪ್ರಶ್ನೆ: ಅಕ್ಕಾ, ನಾವು ನಾಲ್ಕು ಜನ ಹುಡುಗರು ಬಯಲಾಟಗಳನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡ್ತೇವೆ. ರಂಗಸ್ಥಳದ ಎದುರಿನ ಕ್ಯಾಮೆರಾದಿಂದ ನಮ್ಮ ಮಿಕ್ಸಿಂಗ್ ಮೇಜಿಗೆ 60 ಮೀಟರ್. 20 ಮೀಟರಿನ ಮೂರು ಎಚ್‌ಡಿಎಂಐ ಕೇಬಲ್ ಸೇರಿಸಿದ್ದೇವೆ. ಯಾರಾದ್ರೂ ತುಳಿದ್ರೆ ಸಾಕು, ಕಪ್ಪು. ಎಲ್‌ಇಡಿ ವಾಲ್‌ನವರು ಮಾತ್ರ ಸಪೂರದ ಎರಡು ನೆಟ್‌ವರ್ಕ್ ಕೇಬಲ್ ಬಿಸಾಕಿ ಆರಾಮಾಗಿ ಕೂತಿರ್ತಾರೆ. ನಮಗ್ಯಾಕೆ ಹಾಗೆ ಆಗೋದಿಲ್ಲ?
- ಓದುಗ, ಹೊನ್ನಾವರ

ತಮ್ಮಾ, ಮೂರು ಕೇಬಲ್ ಸೇರಿಸಿಯೂ ಚಿತ್ರ ಬರುತ್ತಿದೆಯಲ್ಲ, ಅದೇ ನಿನ್ನ ಪುಣ್ಯ. ಆಟದ ಬಯಲಿನಲ್ಲಿ ಎಚ್‌ಡಿಎಂಐ ಬೇಡವೇ ಬೇಡ. ಕ್ಯಾಮೆರಾದ ಬುಡದಲ್ಲೇ ಒಂದು ಎಚ್‌ಡಿಎಂಐ-ಎಸ್‌ಡಿಐ ಪರಿವರ್ತಕ ಇಟ್ಟು, ಅಲ್ಲಿಂದ ಒಂದೇ ಒಂದು 75 ಓಮಿನ ಕೋಯಾಕ್ಸ್ (ಡಿಶ್ ಟಿವಿಗೆ ಬರುವಂಥ ದುಂಡು) ಕೇಬಲ್ ಎಳೆ. ಮೇಜಿನ ಬಳಿ ಮತ್ತೆ ಎಚ್‌ಡಿಎಂಐ ಮಾಡಿಕೋ. ಎಸ್‌ಡಿಐ ಟಿವಿ ಸ್ಟುಡಿಯೋಗಳ ಹಳೆಯ ಪದ್ಧತಿ. ಎಚ್‌ಡಿ ಚಿತ್ರ ಸೆಕೆಂಡಿಗೆ 148.5 ಕೋಟಿ ಬಿಟ್, 1080 ಗೆರೆಯ 50-60 ಫ್ರೇಮಿನದಾದರೆ ಅದರ ಎರಡರಷ್ಟು. ಅಷ್ಟೂ ಒಂದೇ ಎಳೆಯಲ್ಲಿ ಹೋದರೂ ಒಳ್ಳೆಯ ಕೇಬಲಿನಲ್ಲಿ 60 ಮೀಟರ್ ಅದಕ್ಕೆ ಹೆಚ್ಚಲ್ಲ. ನಡುವೆ ಗಟ್ಟಿ ತಾಮ್ರದ ಕಂಬಿ, ಸುತ್ತ ಹದವಾದ ದಪ್ಪದ ಹೊದಿಕೆ, ಆ ತುದಿಯಲ್ಲಿ ಸವೆದ ಸಂಕೇತವನ್ನು ಮತ್ತೆ ತಿದ್ದಿ ತೀಡುವ ಚಿಪ್ಪು, ಈ ಮೂರೂ ಸೇರಿ ಮಾಡುವ ಕೆಲಸ ಅದು.

ಇದಕ್ಕಿಂತ ದೊಡ್ಡ ಉಪಕಾರ ಅದರ ಕೊಂಡಿಯದ್ದು. ಬಿಎನ್‌ಸಿ ಎನ್ನುವ ಆ ಕೊಂಡಿ ಕಾಲು ಸುತ್ತು ತಿರುಗಿಸಿದರೆ ಕಚ್ಚಿ ಕೂರುತ್ತದೆ. ಚಹಾದ ಕಿಟ್ಲಿ ಹಿಡಿದವನು ಎಡವಿದರೂ ಕಳಚಲ್ಲ. ಕ್ಯಾಮೆರಾದ ಪುಟ್ಟ ಎಚ್‌ಡಿಎಂಐ ತೂತು ಎಡವುವ ಕಾಲಿಗಾಗಿ ಮಾಡಿದ್ದಲ್ಲ. ಆ ತೂತಿಗೆ ಹೋಗುವ ಗೇಣುದ್ದದ ತುಂಡು ಕೇಬಲನ್ನು ಟ್ರೈಪಾಡಿಗೆ ಕಟ್ಟಿಬಿಡು. ಅಂಗಡಿಯಲ್ಲಿ ಆರ್‌ಜಿ-6 ಅಂತ ಕೇಳು. ಆರ್‌ಜಿ-58 ಕೊಟ್ಟರೆ ವಾಪಸ್ ಕೊಡು, ನೋಡಲು ಹಾಗೇ ಇದ್ದರೂ ಅದು ವೈರ್‌ಲೆಸ್ ಸೆಟ್ಟಿನವರ 50 ಓಮಿನದು. ಡಿಶ್‌ನವರ ಅಗ್ಗದ ಆರ್‌ಜಿ-6ರಲ್ಲಿ ನಡುಕಂಬಿ ತಾಮ್ರ ಲೇಪಿಸಿದ ಉಕ್ಕು. ಹತ್ತಿರಕ್ಕೆ ನಡೆದೀತು, 60 ಮೀಟರಿಗೆ ನಾನಂತೂ ನಂಬುವುದಿಲ್ಲ.

ಎಲ್‌ಇಡಿ ವಾಲ್‌ನವರ ಗುಟ್ಟು ಬೇರೆ. ಅವರ ಕಂಪ್ಯೂಟರಿನ ಪಕ್ಕದಲ್ಲೇ ಒಂದು ಸೆಂಡಿಂಗ್ ಪೆಟ್ಟಿಗೆ ಇರುತ್ತದೆ. ಎಚ್‌ಡಿಎಂಐ ಅಲ್ಲಿಗೇ ಮುಗಿಯುತ್ತದೆ, ಆಮೇಲಿನದು ಗಿಗಾಬಿಟ್ ನೆಟ್‌ವರ್ಕಿನ ವೇಗದ ಪ್ರಯಾಣ, 100 ಮೀಟರ್ ಸಲೀಸು. ಅದು ಯಾಕೆ ಸಾಕಾಗುತ್ತದೆ ಅಂತ ಲೆಕ್ಕ ಹಾಕು. ಒಂದು ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಸಲ. ಹೀಗೆ ಒಂದು ಕೇಬಲಿಗೆ ಆರೂವರೆ ಲಕ್ಷ ಚುಕ್ಕೆ ಹಿಡಿಸುತ್ತದೆ. ಪಿ3.91 ಅನ್ನುವ ಬಾಡಿಗೆ ಪ್ಯಾನೆಲ್ ಅರ್ಧ ಮೀಟರ್ ಚೌಕ, ಅದರಲ್ಲಿ 128×128 ಚುಕ್ಕೆ. ಅಡ್ಡಕ್ಕೆ ಹತ್ತು, ಎತ್ತರಕ್ಕೆ ಐದು ಪ್ಯಾನೆಲ್ ನಿಲ್ಲಿಸಿದರೆ 1280×640, ಅಂದರೆ ಎಂಟು ಲಕ್ಷ ಚಿಲ್ಲರೆ. ಅದಕ್ಕೇ ನೀನು ನೋಡಿದ್ದು ಎರಡು ಕೇಬಲ್. ಅಷ್ಟು ದೊಡ್ಡ ಗೋಡೆಯಲ್ಲಿ ನಿನ್ನ ಮೊಬೈಲಿನಲ್ಲಿರುವಷ್ಟೂ ಚುಕ್ಕೆ ಇರುವುದಿಲ್ಲ. ಪ್ರೇಕ್ಷಕರು ದೂರ ಕೂತಿರುತ್ತಾರೆ, ನಡೆಯುತ್ತದೆ.

ಪ್ರಶ್ನೆ: ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ 40 ಮೀಟರಿಗೆ ಎಚ್‌ಡಿಬೇಸ್‌ಟಿ ಪೆಟ್ಟಿಗೆ ಜೋಡಿ (ಎಚ್‌ಡಿಎಂಐ ಚಿತ್ರವನ್ನು ದೂರಕ್ಕೆ ಒಯ್ಯುವವು) ತಂದು ಕ್ಯಾಟ್-6 ಎನ್ನುವ ನೆಟ್‌ವರ್ಕ್ ಕೇಬಲಿನಲ್ಲಿ ಕೊಟ್ಟೆವು. ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ. ಆದರೂ ಚಿತ್ರ ನಿಮಿಷಕ್ಕೊಮ್ಮೆ ಬಂದು ಹೋಗುತ್ತದೆ.
- ರಾಣೆಬೆನ್ನೂರು

ಆ ಟೆಸ್ಟರನ್ನು ನಂಬಿ ನಾನೂ ಕೆಟ್ಟಿದ್ದೇನೆ. ಒಂದು ಕಲ್ಯಾಣ ಮಂಟಪದಲ್ಲಿ ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಊಟದ ಹಾಲಿನ ಪರದೆ ಮಿಟುಕತೊಡಗಿತು. ಪೆಟ್ಟಿಗೆ ಬದಲಾಯಿಸಿದೆ, ಅಡಾಪ್ಟರ್ ಬದಲಾಯಿಸಿದೆ, ದೇವರಿಗೆ ಕೈಮುಗಿದೆ. ಕೊನೆಗೆ ಕೊಂಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರೆ, ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಕ್ರಿಂಪ್ ಮಾಡಿದವಳು ನಾನೇ, ಬಣ್ಣಗಳನ್ನು ಅಂದವಾಗಿ ಜೋಡಿಜೋಡಿ ಅನುಕ್ರಮದಲ್ಲಿ ಕೂರಿಸಿಬಿಟ್ಟಿದ್ದೆ.

ಎರಡೂ ತುದಿಯಲ್ಲಿ ಒಂದೇ ಕ್ರಮವಿದ್ದರೆ ದೀಪದ ಟೆಸ್ಟರ್ 'ಸರಿ' ಅನ್ನುತ್ತದೆ. ಅದು ನೋಡುವುದು ಕರೆಂಟು ದಾಟುತ್ತದೆಯೋ ಇಲ್ಲವೋ ಅಷ್ಟನ್ನೇ. ಆದರೆ ಪೆಟ್ಟಿಗೆಗೆ ಬೇಕಾದದ್ದು 3 ಮತ್ತು 6ನೇ ಪಿನ್ನುಗಳಲ್ಲಿ ಒಂದೇ ಹೊಸೆದ ಜೋಡಿ, 4 ಮತ್ತು 5ರಲ್ಲಿ ಇನ್ನೊಂದು. ಹೊಸೆದ ಜೋಡಿಯ ಒಂದೆಳೆಯಲ್ಲಿ ಏರುವ ಸಂಕೇತಕ್ಕೆ ಇನ್ನೊಂದೆಳೆಯಲ್ಲಿ ಇಳಿಯುವ ಸಂಕೇತ ಸಾಟಿ ನಿಂತು ಹೊರಗಿನ ಗದ್ದಲವನ್ನು ಕಳೆಯುತ್ತದೆ. ಜೋಡಿ ತಪ್ಪಿದರೆ ಪಕ್ಕದ ಮನೆಯ ಜಗಳವೆಲ್ಲ ನಮ್ಮ ಮನೆಗೆ. ಸರಿಯಾದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ನೀಲಿಯನ್ನು ತಬ್ಬಿಕೊಂಡಂತೆ ಇರಬೇಕು.

ಅದು ಸರಿಯಿದ್ದರೆ ಕೇಬಲಿನ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯುಮಿನಿಯಂ. ಪೂರ್ತಿ ತಾಮ್ರದ್ದನ್ನೇ ತನ್ನಿ. ಇನ್ನೊಂದು, ನಡುವೆ ನೆಟ್‌ವರ್ಕ್ ಸ್ವಿಚ್ ಹಾಕಿದ್ದರೆ ಕೂಡಲೇ ಕಿತ್ತುಬಿಡಿ. ಎಚ್‌ಡಿಬೇಸ್‌ಟಿ ಓಡುವುದು ಕ್ಯಾಟ್-6ರ ಮೇಲೆ, ಆದರೆ ಅದು ನೆಟ್‌ವರ್ಕ್ ಅಲ್ಲ. ರೈಲು ಹಳಿಯ ಮೇಲೆ ಹೋಗುವ ಟ್ರಾಲಿಗೆ ಟಿಕೆಟ್ ಕೇಳಿದ ಹಾಗಾಗುತ್ತದೆ. ಸ್ವಿಚ್ಚಿನ ಮೂಲಕವೇ ಹೋಗುವಂಥ ಅಗ್ಗದ ಪೆಟ್ಟಿಗೆಗಳೂ ಇವೆ. ಅವು ಚಿತ್ರವನ್ನು ಹಿಂಡಿ ಕಳಿಸುವುದರಿಂದ ಮೌಸ್ ಅಲ್ಲಾಡಿಸಿದ ಮೇಲೆ ಬಾಣ ನಿಧಾನಕ್ಕೆ ಹಿಂಬಾಲಿಸುತ್ತದೆ. ಸಿನಿಮಾ ನೋಡಲು ಅಡ್ಡಿಯಿಲ್ಲ, ಟೈಪಿಂಗ್ ಕಲಿಸುವವರಿಗೆ ತಲೆನೋವು.

ಪ್ರಶ್ನೆ: ಚಿನ್ನದ ಲೇಪದ ಎಚ್‌ಡಿಎಂಐ ಕೇಬಲಿನಲ್ಲಿ ಬಣ್ಣ ಹೆಚ್ಚು ಕಾಣುತ್ತದೆಯೇ?
- ಹಾಸನ

ಇಲ್ಲ. ಕೊಂಡಿಗೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ನಮ್ಮ ಮಳೆಗೆ ಅದೂ ಒಂದು ಗುಣವೇ ಅನ್ನಿ.

ಪ್ರಶ್ನೆ: ಪಂಚಾಯ್ತಿ ಸಭಾಭವನದ ವಿಜಿಎ ಪ್ರೊಜೆಕ್ಟರಿನಲ್ಲಿ ಬಿಳಿ ಹಾಳೆ ಹಳದಿಯಾಗಿ ಕಾಣುತ್ತದೆ. ಬಲ್ಬು ಬದಲಿಸಬೇಕು ಅನ್ನುತ್ತಾರೆ.
- ಸೊರಬ

ಬಲ್ಬಿಗೆ ಕೈಹಾಕಬೇಡಿ, ದುಬಾರಿ. ಹಳದಿ ಅಂದರೆ ನೀಲಿಯ ಎಳೆ ಹೋಗಿದೆ. ಗುಲಾಬಿ-ನೇರಳೆ ಕಂಡಿದ್ದರೆ ಹಸಿರಿನದು, ಹಸಿರು-ನೀಲಿ ಕಂಡಿದ್ದರೆ ಕೆಂಪಿನದು. ಕೊಂಡಿಯ 15 ಪಿನ್ನುಗಳಲ್ಲಿ ಮೇಲಿನ ಸಾಲಿನ ಮೂರನೆಯದು ನೀಲಿ. ಬಗ್ಗಿದ್ದರೆ ಸಣ್ಣ ಇಕ್ಕಳದಿಂದ ನೆಟ್ಟಗೆ ಮಾಡಿ. ಪಿನ್ನು ಸರಿಯಿದ್ದರೆ ಬೇರೆ ಚಿಕ್ಕ ಕೇಬಲಿನಲ್ಲಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿನ ಹತ್ತಿರವೇ ಒಯ್ದು ನೋಡಿ. ಬಿಳಿ ಬಿಳಿಯಾಗಿ ಬಂದರೆ ಗೋಡೆಯೊಳಗಿನ ಕೇಬಲ್ ತುಂಡಾಗಿದೆ.

ಪ್ರಶ್ನೆ: ಆಪ್ಟಿಕಲ್ ಎಚ್‌ಡಿಎಂಐ ಹಾಕಿದರೆ ಸಿಡಿಲಿನ ಭಯವಿಲ್ಲ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮ ಹೋಂಸ್ಟೇಯಲ್ಲಿ ಆಫೀಸಿನ ಕಂಪ್ಯೂಟರಿನಿಂದ ತೋಟದಾಚೆಯ ಹಾಲಿನ ಟಿವಿಗೆ 50 ಮೀಟರ್ ಅಂಥದ್ದೇ ಕೇಬಲ್ ಇತ್ತು. ಮುಂಗಾರುಪೂರ್ವ ಗುಡುಗಿನಲ್ಲಿ ಎರಡೂ ಕಡೆಯ ಎಚ್‌ಡಿಎಂಐ ಪೋರ್ಟ್ ಸತ್ತವು. ಏನು ಹೇಳುತ್ತೀರಿ?
- ಮೂಡಿಗೆರೆ

ತಪ್ಪು ನನ್ನದು. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ, ಅದು ನಿಜ. ಆದರೆ ಅಂಗಡಿಯಲ್ಲಿ ಸಿಗುವ ಆಪ್ಟಿಕಲ್ ಎಚ್‌ಡಿಎಂಐ ಸಾಮಾನ್ಯವಾಗಿ ಪೂರ್ತಿ ಗಾಜಿನದಲ್ಲ. ಚಿತ್ರಕ್ಕೆ ನಾಲ್ಕು ಗಾಜಿನೆಳೆ ಇದ್ದರೂ, ಆ ಪರಿಚಯ ಪತ್ರ ಮತ್ತು 5 ವೋಲ್ಟ್ ಕರೆಂಟು ಹೋಗಲು ಪಕ್ಕದಲ್ಲೇ ಸಪೂರ ತಾಮ್ರದ ಎಳೆಗಳಿರುತ್ತವೆ. ನಾನು ಅದನ್ನು ಬರೆಯಬೇಕಿತ್ತು.

ನೇರ ಸಿಡಿಲೇ ಬಡಿಯಬೇಕಾಗಿಲ್ಲ. ನಿಮ್ಮ ಆಫೀಸಿಗೊಂದು ಅರ್ಥಿಂಗ್, ಹಾಲಿಗೊಂದು ಅರ್ಥಿಂಗ್. ಹತ್ತಿರದ ಸಿಲ್ವರ್ ಮರಕ್ಕೆ ಬಿದ್ದರೂ ಆ ಕ್ಷಣ ಎರಡು ಜಾಗದ ನೆಲದ ನಡುವೆಯೇ ಸಾವಿರಾರು ವೋಲ್ಟಿನ ಅಂತರ ಏಳಬಹುದು. ಎರಡನ್ನೂ ಸೇರಿಸುವ ತಾಮ್ರ ಎಂದರೆ ನಿಮ್ಮ ಕೇಬಲ್. 3.3 ವೋಲ್ಟಿನಲ್ಲಿ ಬದುಕುವ ಚಿಪ್ಪು ಅದನ್ನು ತಾಳುವುದೆಲ್ಲಿ?

ಹಾಗಾಗಿ ಕಟ್ಟಡದಿಂದ ಕಟ್ಟಡಕ್ಕೆ ಕೇಬಲ್ ಬೇಕೇ ಬೇಕು ಅಂದರೆ, ಎರಡು ತುದಿಗೂ ಬೇರೆ ಬೇರೆ ಅಡಾಪ್ಟರಿನಲ್ಲಿ ಓಡುವ ಫೈಬರ್ ಪರಿವರ್ತಕ ಇಟ್ಟು ನಡುವೆ ಬರೀ ಫೈಬರ್ ಎಳೆಸಿ. ಬ್ರಾಡ್‌ಬ್ಯಾಂಡಿನವರು ಕಂಬದಿಂದ ಎಳೆಯುವ ಫೈಬರಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಸೇರಿಸಿರುತ್ತಾರೆ, ಅದಿಲ್ಲದ್ದನ್ನು ಕೇಳಿ ತನ್ನಿ. ನನ್ನನ್ನು ಕೇಳಿದರೆ ನಿಮಗೆ ಇಷ್ಟೂ ಬೇಡ. ಅತಿಥಿಗಳಿಗೆ ತೋಟದ ಫೋಟೊ, ಸಿನಿಮಾ ತೋರಿಸಲು ಟಿವಿಯ ಬೆನ್ನಿಗೇ ಒಂದು ಪುಟ್ಟ ಕಂಪ್ಯೂಟರ್ ಸಿಕ್ಕಿಸಿ, ಆಫೀಸಿನಿಂದ ವೈಫೈಯಲ್ಲಿ ನಡೆಸಿ. ಗುಡುಗು ಶುರುವಾಗುವ ಮೊದಲೇ ಟಿವಿಯ ಪ್ಲಗ್ಗನ್ನೂ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು.

ಹಿಂದಿನ ಸಂಚಿಕೆಯ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡವರಿದ್ದರೆ, ಕೆಳಗಿನಿಂದ ಮೂರನೇ ಸಾಲಿಗೆ ಅಡ್ಡಗೀಟು ಎಳೆದುಬಿಡಿ.